ಧೋತರದ ಆ ಕಡೆಯ ತುದಿ

ಮೊಮ್ಮಗಳ ಲಂಗದ ಅಂಚು ಬಿಚ್ಚಿತ್ತು. ಬಾಬಿನ್ ಹುಡುಕಲೆಂದು ಮೊನ್ನೆ ಹೊಲಿಗೆ ಮಷೀನಿನ ಖಾನೆ ಎಳೆದೆ. ಮುರಿದ ಸೂಜಿ, ಗುರುತು ಹಾಕುವ ಬಳಪದ ಚೂರು, ಎಣ್ಣೆಯ ಡಬ್ಬಿ... ಇವುಗಳ ಹಿಂದೆ, ಖಾನೆಯ ಕೊನೆಯಲ್ಲಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ವಿಭೂತಿ ಗಟ್ಟಿ ಕೈಗೆ ಬಂತು. ಅರ್ಧಕ್ಕೂ ಹೆಚ್ಚು ಸವೆದು ಹೋಗಿತ್ತು. ಮೂಗಿನ ಹತ್ತಿರ ಹಿಡಿದೆ. ಅಂಗಡಿಯ ವಿಭೂತಿಗೆ ಏನಾದರೊಂದು ಸುಗಂಧ ಬೆರೆಸಿರುತ್ತಾರೆ. ಇದಕ್ಕೆ ಬೆರೆಸಿದ್ದು ನೀರು ಮಾತ್ರ. ಬೂದಿಯ ಮೇಲೆ ತಣ್ಣೀರು ಬಿದ್ದಾಗ ಏಳುವ ಆ ವಾಸನೆ ಹಾಗೇ ಉಳಿದಿತ್ತು.

ಅದನ್ನು ಅಲ್ಲಿ ಇಟ್ಟವರು ನಮ್ಮ ಮನೆಯವರು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅವರದು ಮೋಟರ್ ರಿಪೇರಿ ಅಂಗಡಿ. ಪ್ರತಿ ಅಮಾವಾಸ್ಯೆಗೆ ಅಂಗಡಿಯ ಪೂಜೆ ಮುಗಿಸಿ ಬಂದವರೇ ನನ್ನ ಹೊಲಿಗೆ ಮಷೀನಿಗೂ ಎಣ್ಣೆ ಬಿಟ್ಟು, ಅದರ ಹಣೆಗೆ ಮೂರು ಬೆರಳು ಎಳೆಯುತ್ತಿದ್ದರು. ಅವರು ಹೋಗಿ ಎಂಟು ತಿಂಗಳಾಯಿತು. ಮನೆಯಲ್ಲಿದ್ದ ಗಟ್ಟಿಗಳೆಲ್ಲ ಅವರ ಜೊತೆಗೇ ಸಮಾಧಿಗೆ ಹೋದವು. ಉಳಿದದ್ದು ಖಾನೆಯ ಈ ತುಂಡು ಮಾತ್ರ.

ನಾವಿಬ್ಬರೂ ಸೇರಿ ಇಪ್ಪತ್ತು ವರ್ಷ ವಿಭೂತಿ ಮಾಡಿದೆವು. ಮಾರಾಟಕ್ಕಲ್ಲ. ಕೇಳಿಕೊಂಡು ಬಂದವರಿಗೆ ಕೊಡಲು. ಅವರು ಹೋದ ಮೇಲೆ ಬಂದವರಿಗೆಲ್ಲ ಇಲ್ಲ ಎನ್ನುತ್ತಿದ್ದೆ. ಹಿತ್ತಲಲ್ಲಿ ಬೂದಿಯ ಚೀಲ ಬಾಯಿ ಕಟ್ಟಿದ ಹಾಗೇ ಇತ್ತು. ಹಗರಿಬೊಮ್ಮನಹಳ್ಳಿಯಿಂದ ಮಗಳು ಫೋನ್ ಮಾಡಿದರೆ ‘ಹೂಂ’, ‘ಊಟ ಆಯ್ತು’ ಎನ್ನುವುದರ ಆಚೆ ನನ್ನ ಬಾಯಿಂದ ಮಾತು ಬರುತ್ತಿರಲಿಲ್ಲ. ಇನ್ನು ವಿಭೂತಿ ಮಾಡುವುದಿಲ್ಲ ಎಂದು ತೀರ್ಮಾನಿಸಿದ್ದೆ. ಅದು ಒಬ್ಬರ ಕೆಲಸವಲ್ಲ.

ಅದು ಒಬ್ಬರ ಕೆಲಸವಲ್ಲ ಎಂದು ನನಗೆ ಕಲಿಸಿದವರು ಇಬ್ಬರು. ಆ ಗಟ್ಟಿಯ ವಾಸನೆ ನನ್ನನ್ನು ಕರೆದುಕೊಂಡು ಹೋದದ್ದು ಅವರ ಹಿತ್ತಲಿಗೆ.

ನಾನು ಹರಪನಹಳ್ಳಿ ಕಡೆಯವಳು. ಮದುವೆಯಾಗಿ ಕೊಟ್ಟೂರಿಗೆ ಬಂದಾಗ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಎದೆಯೆತ್ತರದ ಒಂದು ಗೋಡೆ. ಆಚೆ ಗಂಡ ಹೆಂಡತಿ ಇದ್ದರು. ಊರೆಲ್ಲ ಅವರನ್ನು ಅಜ್ಜಾರು, ಅಮ್ಮಾರು ಎನ್ನುತ್ತಿತ್ತು. ಮಠದವರಲ್ಲ, ಕಾವಿ ಉಟ್ಟವರಲ್ಲ. ಅಜ್ಜಾರು ಹಗರಿಬೊಮ್ಮನಹಳ್ಳಿಯ ಒಂದು ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ಕಾಳು ತೂಗಿದವರು. ಅಮ್ಮಾರು ಹಿತ್ತಲಲ್ಲಿ ಒಂದು ಆಕಳು ಕಟ್ಟಿಕೊಂಡು ಅದರ ಸೆಗಣಿಯಿಂದ ವಿಭೂತಿ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ಓಣಿ ಮಾತಾಡಿ ಮಾತಾಡಿ ಬೇಸತ್ತು, ನಾನು ಬರುವ ಹೊತ್ತಿಗೆ ಸುಮ್ಮನಾಗಿತ್ತು. ಯಾರಾದರೂ ಕಾಲಿಗೆ ಬೀಳಲು ಬಂದರೆ ಅಜ್ಜಾರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

‘ಬ್ಯಾಡಪ್ಪ ಬ್ಯಾಡ. ಕಾಲಾಗ ಆಣಿ ಐತಿ, ನಿನ್ನ ಹಣಿ ತಾಗಿದ್ರ ನನಗ ನೋವು.’

ಸೋಮವಾರ ಸಂಜೆ ಅವರ ಪಡಸಾಲೆಯಲ್ಲಿ ಹತ್ತು ಹದಿನೈದು ಜನ ಸೇರುತ್ತಿದ್ದರು. ಒಂದೇ ಬೇವಿನ ಹಲಗೆಯನ್ನು ನಡುವೆ ಕೊಯ್ದು ಮಾಡಿಸಿದ ಎರಡು ಮಣೆಗಳಿದ್ದವು. ಒಂದರ ಮೇಲೆ ಅಜ್ಜಾರು, ಇನ್ನೊಂದರ ಮೇಲೆ ಅಮ್ಮಾರು. ಪುರಾಣ ಹೇಳುವುದಿಲ್ಲ, ಭವಿಷ್ಯ ಹೇಳುವುದಿಲ್ಲ. ಜನ ತಮ್ಮ ಮನೆಯ ಗೋಳು ಹೇಳುತ್ತಿದ್ದರು, ಇವರು ಕೇಳುತ್ತಿದ್ದರು. ಅಜ್ಜಾರು ಶುರು ಮಾಡಿದ ಮಾತನ್ನು ಅಮ್ಮಾರು ನಡುವೆ ತಡೆದು, ‘ಅದು ಹಂಗಲ್ರಿ’ ಎಂದು ಇನ್ನೊಂದು ಕಡೆಯಿಂದ ಎತ್ತಿಕೊಳ್ಳುತ್ತಿದ್ದರು. ಹೀಗೆ ಇಬ್ಬರೂ ಸೇರಿ ಒಂದು ಮಾತನ್ನು ಮುಗಿಸುವುದು ಅಲ್ಲಿಯ ರೂಢಿ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು ಮಣೆಯ ಮೇಲೆ ಕೂರುತ್ತಿರಲಿಲ್ಲ.

ಅಲ್ಲಿ ಒಂದೇ ಒಂದು ಕಟ್ಟಳೆ ಇತ್ತು. ಹೆಂಡತಿಯ ಮೇಲೆ ದೂರು ತಂದ ಗಂಡ, ಗಂಡನ ಮೇಲೆ ದೂರು ತಂದ ಹೆಂಡತಿ, ಅತ್ತೆಯ ಮೇಲೆ ದೂರು ತಂದ ಸೊಸೆ ಒಬ್ಬೊಬ್ಬರೇ ಬಂದರೆ ಅಜ್ಜಾರು ಕೇಳುತ್ತಿರಲಿಲ್ಲ.

‘ಒಬ್ಬರ ಮಾತು ಅರ್ಧ ಮಾತು,’ ಎನ್ನುತ್ತಿದ್ದರು. ‘ಒಂದ ತಟ್ಟಿ ತಕ್ಕಡಿ ಎಲ್ಲಾದರ ಕಂಡೀರೇನು? ಇಬ್ರೂ ಕೂಡಿ ಬರ್ರಿ.’

ಅವರ ಮನೆಯೊಳಗೆ ಇನ್ನೊಂದು ಕಟ್ಟಳೆ ಇತ್ತು. ಅದನ್ನು ಯಾರಿಗೂ ಹೇಳಿದವರಲ್ಲ, ಗೋಡೆಯ ಈಚೆ ಇದ್ದ ನನಗೆ ಗೊತ್ತಾಯಿತು ಅಷ್ಟೇ. ಬೆಳಿಗ್ಗೆ ಇಬ್ಬರೂ ಎದುರುಬದುರು ಕುಳಿತು ಲಿಂಗಪೂಜೆ ಮಾಡುತ್ತಿದ್ದರು. ಪೂಜೆ ಆಗದೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಇಬ್ಬರ ನಡುವೆ ಮಾತು ನಿಂತಿದ್ದರೆ ಪೂಜೆಗೆ ಕೂರುತ್ತಿರಲಿಲ್ಲ. ಮಾತು ಬಿಟ್ಟ ಬಾಯಲ್ಲಿ ಮಂತ್ರ ಹೇಳಬಾರದು ಎಂದು ಅವರ ನಂಬಿಕೆ. ಹಾಗಾಗಿ ಜಗಳ ಎಷ್ಟೇ ದೊಡ್ಡದಿರಲಿ, ಹಸಿವು ತಡೆಯುವಷ್ಟು ಹೊತ್ತು ಮಾತ್ರ ಬಾಳುತ್ತಿತ್ತು.

ಒಮ್ಮೆ ಅಜ್ಜಾರು ಅಮ್ಮಾರ ಹೊಸ ಕಂಬಳಿಯನ್ನು ಹೇಳದೆ ಕೇಳದೆ ಯಾರೋ ದಾರಿಹೋಕರಿಗೆ ಹೊದಿಸಿ ಕಳಿಸಿದ್ದರು. ಮರುದಿನ ಹತ್ತು ಗಂಟೆಯಾದರೂ ಆ ಮನೆಯಿಂದ ಪೂಜೆಯ ಗಂಟೆಯ ಸದ್ದಿಲ್ಲ. ಹನ್ನೊಂದಕ್ಕೆ ಅಜ್ಜಾರ ದನಿ ಬಂತು.

‘ತಪ್ಪಾತು ಮಾರಾಯ್ತಿ. ರೊಟ್ಟಿ ಬಡಿ.’

‘ಹೊಟ್ಟಿ ಹೇಳಸ್ತೈತೋ, ಮನಸು ಹೇಳಸ್ತೈತೋ?’

‘ಹೊಟ್ಟಿನ ಮೊದಲು ಹೇಳ್ತು. ಮನಸು ಹೌದು ಅಂತು.’

ಆಮೇಲೆ ಗಂಟೆಯ ಸದ್ದು ಕೇಳಿತು. ‘ನಮ್ಮನಿಯಾಗ ಹಿರೇತನ ಮಾಡೋದು ಹಸಿವವ್ವಾ,’ ಎಂದು ಅಮ್ಮಾರು ಗೋಡೆಯ ಮೇಲಿಂದ ನನಗೆ ಹೇಳಿ ನಕ್ಕರು.

ಆಗ ನಾನೂ ನಕ್ಕೆ. ನನ್ನ ಮನೆಗೆ ಅಂಥದ್ದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮದುವೆಯಾದ ಮೂರನೆಯ ವರ್ಷ. ನಾನು ತವರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಪಡಸಾಲೆಯ ಕಿಟಕಿಯ ಕೆಳಗೆ ನನ್ನ ಹೊಲಿಗೆ ಮಷೀನು ಇರಲಿಲ್ಲ. ನೆಲದ ಮೇಲೆ ಅದರ ಕಾಲುಗಳ ನಾಲ್ಕು ಗುರುತು ಮಾತ್ರ ಇದ್ದವು. ಅದು ನನ್ನ ತಂದೆ ಕೊಡಿಸಿದ್ದು. ಹತ್ತನೆಯ ತರಗತಿಗೆ ಓದು ನಿಂತ ಮೇಲೆ ನನ್ನದು ಎಂದು ನನಗಿದ್ದದ್ದು ಅದೊಂದೇ.

‘ಮಾಗಳಕ್ಕ ಕೊಟ್ಟು ಬಂದೆ. ತಂಗಿಗೆ,’ ಎಂದರು ನಮ್ಮ ಮನೆಯವರು.

ನನ್ನ ನಾದಿನಿಯನ್ನು ಹಡಗಲಿ ತಾಲ್ಲೂಕಿನ ಮಾಗಳಕ್ಕೆ ಕೊಟ್ಟಿತ್ತು. ಆಕೆಯ ಗಂಡ ಬೆನ್ನುಮೂಳೆಗೆ ಪೆಟ್ಟಾಗಿ ಮಲಗಿಬಿಟ್ಟಿದ್ದ. ಎರಡು ಕೂಸುಗಳು. ಅದೆಲ್ಲ ನನಗೂ ಗೊತ್ತಿತ್ತು.

‘ನನ್ನ ಒಂದು ಮಾತು ಕೇಳಬೇಕಿತ್ತು.’

‘ಆಕಿ ಕಷ್ಟದಾಗ ಅದಾಳ. ಕೇಳೋದೇನೈತಿ ಅದರಾಗ?’

ಅಂದಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ. ರೊಟ್ಟಿ ಬಡಿಯುತ್ತಿದ್ದೆ, ನೀರು ಕಾಯಿಸುತ್ತಿದ್ದೆ, ಅಂಗಿ ಒಗೆಯುತ್ತಿದ್ದೆ. ಮಾತು ಮಾತ್ರ ಇಲ್ಲ. ಬಾಗಿಲಿಗೆ ಬರುತ್ತಿದ್ದ ಬೆಕ್ಕಿನ ಜೊತೆ ಮಾತಾಡುತ್ತಿದ್ದೆ. ‘ಊಟ ಆರಿ ಹೋಗ್ತೈತೆ ಅಂತ ಹೇಳೇ,’ ಎಂದು ಬೆಕ್ಕಿಗೆ ಹೇಳಿದರೆ ಅವರು ಬಂದು ಕೂರುತ್ತಿದ್ದರು. ಉಂಡೆದ್ದು, ‘ಸಾರಿಗೆ ಉಪ್ಪು ಕಡಿಮಿ ಆಗೈತಿ ಅಂತ ಹೇಳ್ಲೇ,’ ಎಂದು ಅವರೂ ಬೆಕ್ಕಿಗೇ ಹೇಳಿ ಹೋಗುತ್ತಿದ್ದರು. ಮೊದಮೊದಲು ಅದು ತಮಾಷೆ ಅನ್ನಿಸಿತು. ಒಂದು ತಿಂಗಳು ಕಳೆದ ಮೇಲೆ ತಮಾಷೆ ಇರಲಿಲ್ಲ. ನಾನು ಚೀಲದಲ್ಲಿ ನನ್ನ ಸೀರೆಗಳನ್ನು ಮಡಿಚಿಟ್ಟೆ. ಹರಪನಹಳ್ಳಿ ಬಸ್ಸು ಹತ್ತಿದರೆ ಮತ್ತೆ ಬರುವುದಿಲ್ಲ ಎಂಬುದು ನನಗೆ ಖಚಿತವಿತ್ತು.

ಹೋಗುವ ಮೊದಲು ನ್ಯಾಯ ನನ್ನ ಕಡೆ ಇದೆ ಎಂದು ಯಾರಾದರೂ ಹೇಳಬೇಕಿತ್ತು. ಸೋಮವಾರದವರೆಗೆ ಕಾಯದೆ ಅಜ್ಜಾರ ಬಾಗಿಲಿಗೆ ಹೋದೆ. ಅವರು ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು.

‘ಗಂಡನ ಮ್ಯಾಲಿನ ದೂರೇನು? ಹಂಗಾರ ಅವನ್ನೂ ಕರಕೊಂಡು ಬಾರವ್ವಾ.’

‘ಅವರ ಜೊತಿ ನಾನು ಮಾತು ಬಿಟ್ಟೀನಿ, ಹೆಂಗ ಕರೀಲಿ?’

‘ಅದನ್ನ ನೀ ನೋಡಬೇಕು.’

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನನ್ನ ಸಂಕಟದ ಮುಂದೆ ಇವರು ಕಟ್ಟಳೆ ಹೇಳುತ್ತಾರಲ್ಲ ಎಂದು. ತಿರುಗಿ ಹೊರಟೆ. ಒಳಗಿನಿಂದ ಅಮ್ಮಾರು ಬಂದು ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು.

‘ನೀ ಕರೀಬ್ಯಾಡವ್ವಾ. ನಾನ ಕರೀತೀನಿ. ಮಾತಿಗಲ್ಲ, ಕೆಲಸಕ್ಕ.’

ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಅಂಗಡಿಗೆ ಹೊರಟಿದ್ದರು. ಗೋಡೆಯ ಮೇಲಿಂದ ಅಮ್ಮಾರು ಕೂಗಿದರು.

‘ಏ ತಮ್ಮಾ, ಅಜ್ಜಾರ ಸೊಂಟ ಹಿಡಕೊಂಡೈತಿ. ಈಬತ್ತಿ ಸೋಸಬೇಕು. ನೀವಿಬ್ರೂ ಒಂದು ಗಳಿಗಿ ಬಂದು ಹೋಗ್ರಿ.’

ಅಮ್ಮಾರ ಮಾತಿಗೆ ಇಲ್ಲ ಎನ್ನುವವರು ಓಣಿಯಲ್ಲಿ ಇರಲಿಲ್ಲ. ನಮ್ಮ ಮನೆಯವರು ಮುಂದೆ, ನಾನು ಹಿಂದೆ, ಇಬ್ಬರೂ ಹೋದೆವು. ಅಜ್ಜಾರು ಕಟ್ಟೆಯ ಮೇಲೆ ಸೊಂಟ ಹಿಡಿದುಕೊಂಡು ನರಳುತ್ತಿದ್ದರು. ನಮ್ಮನ್ನು ಕಂಡು, ‘ಬಂದ್ರೇನು, ಬರ್ರಿ ಬರ್ರಿ,’ ಎಂದು ದಡಕ್ಕನೆ ಎದ್ದು ಬಂದರು.

‘ಸೊಂಟ!’ ಎಂದರು ಅಮ್ಮಾರು.

ಅಜ್ಜಾರು ಮತ್ತೆ ಹೋಗಿ ಕುಳಿತು ನರಳಿದರು.

ವಿಭೂತಿ ಮಾಡುವುದು ದೊಡ್ಡ ವಿದ್ಯೆಯಲ್ಲ. ಸೆಗಣಿ ತಟ್ಟಿ ಒಣಗಿಸಿದ ಕುಳ್ಳು ಸುಟ್ಟ ಬೂದಿಯನ್ನು ಜರಡಿ ಹಿಡಿದು, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಬೇಕು. ಅವರು ಸೋಸುತ್ತಿದ್ದದ್ದು ಅಜ್ಜಾರ ಹಳೆಯ ಧೋತರದಲ್ಲಿ. ಕಲ್ಲಿನ ಬಾನಿಯ ಮೇಲೆ ಧೋತರ ಹಾಸಿ, ಬೂದಿನೀರು ಸುರಿದು, ಆ ಕಡೆ ಒಬ್ಬರು ಈ ಕಡೆ ಒಬ್ಬರು ಎರಡೆರಡು ಮೂಲೆ ಹಿಡಿದು ಮೇಲೆತ್ತಿ ತೊಟ್ಟಿಲಿನ ಹಾಗೆ ತೂಗಬೇಕು. ನುಣುಪಾದದ್ದು ನೀರಿನ ಜೊತೆ ಕೆಳಗಿಳಿಯುತ್ತದೆ, ಕಸ ಮೇಲೆ ಉಳಿಯುತ್ತದೆ. ರಾತ್ರಿ ಕಳೆದರೆ ಬಾನಿಯ ತಳದಲ್ಲಿ ಗಟ್ಟಿ ಮೊಸರಿನ ಹಾಗೆ ಕುಳಿತಿರುತ್ತದೆ. ನೀರು ಬಸಿದು, ಗಟ್ಟಿ ಕಟ್ಟಿ ಒಣಗಿಸಿದರೆ ಆಯಿತು. ಕಷ್ಟವಿರುವುದು ತೂಗುವುದರಲ್ಲಿ. ಒಬ್ಬರು ಹೆಚ್ಚು ಎತ್ತಿದರೆ, ಇನ್ನೊಬ್ಬರು ಸಡಿಲ ಬಿಟ್ಟರೆ, ಬೂದಿನೀರು ಒಂದೇ ಕಡೆ ಹರಿದು ಚೆಲ್ಲುತ್ತದೆ.

ನಮ್ಮದು ಚೆಲ್ಲಿತು. ನಾನು ಅವರ ಮುಖ ನೋಡುತ್ತಿರಲಿಲ್ಲ, ಅವರು ನನ್ನ ಮುಖ ನೋಡುತ್ತಿರಲಿಲ್ಲ. ಮೊದಲ ಸಲ ಅವರ ಕಾಲಿನ ಮೇಲೆ, ಎರಡನೆಯ ಸಲ ನನ್ನ ಸೀರೆಯ ಮೇಲೆ. ಅಮ್ಮಾರು ಮತ್ತೆ ಬೂದಿ ಕದಡಿ ತಂದು ಸುರಿದರು. ಮೂರನೆಯ ಸಲ ಧೋತರ ನಮ್ಮ ಮನೆಯವರ ಕಡೆ ವಾಲಿತು. ಅಮ್ಮಾರ ಅಷ್ಟು ದಿನದ ದುಡಿಮೆ ಮತ್ತೆ ಮಣ್ಣು ಪಾಲಾಗುವುದನ್ನು ಕಂಡು ನನ್ನ ಬಾಯಿಂದ ತಾನಾಗಿ ಬಂತು.

‘ಎತ್ತ್ರಿ!’

ಅವರು ಎತ್ತಿದರು. ನೀರು ನಡುವೆ ನಿಂತಿತು. ನಲವತ್ತು ದಿನಗಳ ಮೇಲೆ ನಾನು ಅವರಿಗೆ ಆಡಿದ ಮೊದಲ ಮಾತು ಅದು.

‘ನೀ ಸ್ವಲ್ಪ ಇಳಸು,’ ಎಂದರು ಅವರು. ಇಳಿಸಿದೆ. ಕಟ್ಟೆಯ ಮೇಲೆ ಅಜ್ಜಾರು ನರಳುವುದನ್ನು ನಿಲ್ಲಿಸಿದ್ದರು.

ಸೋಸಿ ಮುಗಿದ ಮೇಲೆ ಅಮ್ಮಾರು ನಮ್ಮಿಬ್ಬರಿಗೂ ಕೈ ತೊಳೆಯಲು ಬಿಡಲಿಲ್ಲ. ಬೂದಿಗೈಯಲ್ಲೇ ಕೂರಿಸಿಕೊಂಡರು. ನಾನು ಎಲ್ಲ ಹೇಳಿದೆ. ‘ಕೇಳಿದ್ರೆ ನಾನೇ ಕೊಡ್ತಿದ್ದೆ’ ಎಂದು ಮುಗಿಸಿದೆ.

‘ಖರೇ ಹೇಳು,’ ಎಂದರು ಅಮ್ಮಾರು. ‘ಕೇಳಿದ್ರ ಕೊಡ್ತಿದ್ದೇನು?’

ಸುಳ್ಳು ಹೇಳಬಹುದಿತ್ತು. ಕೈಯಲ್ಲಿ ಬೂದಿ ಇತ್ತು. ‘ಇಲ್ಲ,’ ಎಂದೆ.

‘ಅದಕ್ಕ ನಾ ಕೇಳಲಿಲ್ಲ,’ ಎಂದರು ನಮ್ಮ ಮನೆಯವರು. ಗೆದ್ದೆ ಎಂಬ ಹಾಗೆ ಹೇಳಿದರು.

ಅಮ್ಮಾರು ಅವರ ಕಡೆ ತಿರುಗಿದರು. ‘ತಂಗಿ ಕಷ್ಟ ನಿನಗ ಕಂಡ್ತು, ಅದು ಒಳ್ಳೇದಪ್ಪ. ಆದ್ರ ಇಲ್ಲ ಅನ್ನೋ ಹಕ್ಕು ಈಕಿಗೆ ಇತ್ತಲ್ಲ? ನೀ ಕದ್ದದ್ದು ಮಷೀನಲ್ಲ. ಅದನ್ನ.’

ಅವರು ತಲೆ ತಗ್ಗಿಸಿದರು. ‘ಹೌದ್ರಿ,’ ಎಂದರು.

‘ಇನ್ನ ನೀನು,’ ಎಂದು ಅಜ್ಜಾರು ಕಟ್ಟೆಯಿಂದಲೇ ನನಗೆ ಹೇಳಿದರು, ‘ಮಾಗಳಕ್ಕ ಹೋಗಿ ಆ ಮಷೀನ್ ನೋಡಿ ಬಾ. ತರಬೇಕು ಅನ್ನಿಸಿದ್ರ ತಗೊಂಡು ಬಾ. ನಿಂದದು. ಯಾರೂ ತಡಿಯಂಗಿಲ್ಲ.’

‘ಅದು ಹಂಗಲ್ರಿ,’ ಎಂದರು ಅಮ್ಮಾರು. ‘ಇಬ್ರೂ ಹೋಗ್ರಿ.’

ಇಬ್ಬರೂ ಹೋದೆವು. ನಾದಿನಿ ನನ್ನನ್ನು ಕಂಡೊಡನೆ ಮಷೀನಿನ ಮುಂದಿನಿಂದ ಎದ್ದು ನಿಂತಳು. ಅಣ್ಣ ಹೇಳದೆ ತಂದದ್ದು ಆಕೆಗೆ ಆಮೇಲೆ ಗೊತ್ತಾಗಿತ್ತು. ‘ತಗೊಂಡು ಹೋಗ್ರಿ ಅತ್ತಿಗಿ, ನನಗ ಬ್ಯಾಡ,’ ಎಂದಳು. ಒಳಗೆ ಅವಳ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಷೀನಿನ ಮೇಲೆ ಯಾರದೋ ಅರ್ಧ ಹೊಲಿದ ಜಂಪರು ಇತ್ತು, ತೋಳು ತಿರುವು ಮುರುವಾಗಿ ಕೂಡಿಸಿದ್ದಳು. ನಾನು ಕುಳಿತು ಅದನ್ನು ಬಿಚ್ಚಿ ಸರಿಯಾಗಿ ಹೊಲಿದು ತೋರಿಸಿದೆ. ಸಂಜೆಯವರೆಗೆ ತೋಳು ಕೂಡಿಸುವುದನ್ನು, ಕಾಜಾ ಹಾಕುವುದನ್ನು ಹೇಳಿಕೊಟ್ಟು ಬರಿಗೈಯಲ್ಲಿ ಬಂದೆ. ಈ ಸಲ ಕೊಟ್ಟವಳು ನಾನು. ಆರು ತಿಂಗಳ ಮೇಲೆ ಹೊಸಹಳ್ಳಿಯಲ್ಲಿ ಒಂದು ಹಳೆಯ ಮಷೀನು ಇದೆ ಎಂದು ನಮ್ಮ ಮನೆಯವರು ನನ್ನನ್ನೂ ಕರೆದುಕೊಂಡು ಹೋದರು. ನಾನು ತುಳಿದು ನೋಡಿ ಹೂಂ ಎಂದ ಮೇಲೆಯೇ ತಂದರು. ಅದೇ ಈಗಲೂ ಕಿಟಕಿಯ ಕೆಳಗಿದೆ.

ಅಂದಿನಿಂದ ಸೋಮವಾರ ನಾವಿಬ್ಬರೂ ಆ ಪಡಸಾಲೆಯಲ್ಲಿ ಇರುತ್ತಿದ್ದೆವು.

ಅಜ್ಜಾರು ಅಮ್ಮಾರ ಮಾತುಗಳಲ್ಲಿ ಎಷ್ಟೋ ಮರೆತಿದ್ದೇನೆ... ಒಂದು ಸಂಜೆ ಮಾತ್ರ ಮರೆತಿಲ್ಲ. ಕೂಡ್ಲಿಗಿಯ ಆಚೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಹೊಸದಾಗಿ ಮದುವೆಯಾದವಳು, ನನಗಿಂತ ಚಿಕ್ಕವಳು. ಸೆರಗನ್ನು ಮುಖದ ಒಂದು ಪಕ್ಕಕ್ಕೆ ಎಳೆದುಕೊಂಡು ಬಾಗಿಲ ಹತ್ತಿರ ಕುಳಿತಿದ್ದಳು. ಗಂಡನ ವಿಷಯ ಎಂದು ಆಕೆ ಬಾಯಿ ತೆರೆದೊಡನೆ ಅಜ್ಜಾರು ಎಂದಿನ ಹಾಗೆ, ‘ಗಂಡನ್ನೂ ಕರಕೊಂಡು ಬಾರವ್ವಾ,’ ಎಂದರು. ಆಕೆ ತಲೆಯಾಡಿಸಿ ಎದ್ದಳು.

ಅಮ್ಮಾರು ಮಣೆಯಿಂದ ಎದ್ದು ಹೋಗಿ ಅವಳ ಕೈ ಹಿಡಿದರು. ಸೆರಗು ಸರಿಸಿದರು. ಕಣ್ಣಿನ ಕೆಳಗೆ ಕಪ್ಪಗೆ ಬಾತಿತ್ತು.

‘ನಲವತ್ತು ವರ್ಷ ತೂಕ ಮಾಡೀರಿ,’ ಎಂದರು ಅಮ್ಮಾರು ಗಂಡನಿಗೆ. ‘ಒಂದು ತಟ್ಟಿ ಮ್ಯಾಲ ಯಾವನರ ಕೈ ಇಟ್ಟು ಒತ್ತಿದ್ರ ಏನ್ ಮಾಡ್ತಿದ್ರಿ?’

‘ಕೈ ತೆಗಿ ಅಂತಿದ್ದೆ.’

‘ತೆಗಿಯೋತನಕ ತೂಗ್ತಿದ್ರೇನು?’

‘ಇಲ್ಲ.’

‘ಹಂಗಾರ ನಿಮ್ಮ ಮಣಿ ಬಿಡ್ರಿ. ಆಕಿ ಕುಂದರ್ಲಿ.’

ಅಜ್ಜಾರು ಹೆಂಡತಿಯ ಮುಖ ನೋಡಿದರು. ಮಣೆಯಿಂದ ಎದ್ದರು. ಮೊಣಕಾಲು ಲಟಕ್ಕೆಂದಿತು. ಬಂದು ನಮ್ಮ ನಡುವೆ, ನಮ್ಮ ಮನೆಯವರ ಪಕ್ಕದಲ್ಲಿ ಬರಿ ನೆಲದ ಮೇಲೆ ಕುಳಿತರು. ಆ ಹುಡುಗಿಯನ್ನು ಅಮ್ಮಾರು ಅಜ್ಜಾರ ಮಣೆಯ ಮೇಲೆ ಕೂರಿಸಿ, ತಾವು ಪಕ್ಕದಲ್ಲಿ ಕುಳಿತು, ಆಕೆ ಹೇಳಿದ್ದನ್ನು ಕೊನೆಯವರೆಗೆ ಕೇಳಿದರು. ಅಜ್ಜಾರೂ ಕೇಳಿದರು, ನೆಲದಿಂದ.

ಆಕೆ ಅವತ್ತು ಅಮ್ಮಾರ ಮನೆಯಲ್ಲೇ ಉಳಿದಳು. ಅಜ್ಜಾರು ಇಬ್ಬರು ಹಿರಿಯರನ್ನು ಕರೆದುಕೊಂಡು ಆ ಹಳ್ಳಿಗೆ ಹೋಗಿ ಬಂದರು. ಗಂಡನಾದವನು ಕೈ ತೆಗೆಯುವವನಲ್ಲ ಎಂದು ಕಂಡುಕೊಂಡು ಬಂದರು. ಆಕೆ ಮತ್ತೆ ಆ ಮನೆಗೆ ಹೋಗಲಿಲ್ಲ. ಕೆಲವು ವರ್ಷದ ಮೇಲೆ ಹೊಸಹಳ್ಳಿಯ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ತನ್ನ ಕಾಲ ಮೇಲೆ ನಿಂತಳು. ಆಕೆ ಬಂದದ್ದರ ಮುಂದಿನ ಸೋಮವಾರವೇ ಅಜ್ಜಾರು ಎಲ್ಲರ ಮುಂದೆ ಹೇಳಿದ ಮಾತು ಇದು.

‘ಹೋದ ವಾರ ನಾ ತಪ್ಪಿದ್ದೆ. ಕಟ್ಟಳಿ ನಂದು, ನೋವು ಆಕಿದು. ಕಟ್ಟಳಿ ನೋಡಿಕೆಂತ ಕುಂತಾವಗ ನೋವು ಕಾಣಲಿಲ್ಲ.’

ದೊಡ್ಡವರು ತಪ್ಪನ್ನು ಹೀಗೆ ಒಪ್ಪಿಕೊಳ್ಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಧರ್ಮ ಎಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ, ಗಂಡ ಮಣೆ ಬಿಟ್ಟು ಎದ್ದದ್ದನ್ನು ಹೇಳುತ್ತೇನೆ. ಎದ್ದೇಳಿ ಎನ್ನಲು ಹೆಂಡತಿ ಹೆದರದಿದ್ದದ್ದನ್ನೂ ಹೇಳುತ್ತೇನೆ.

ಅಜ್ಜಾರು ಹೋದದ್ದು ಒಂದು ಬೆಳಿಗ್ಗೆ. ಪೂಜೆ ಮುಗಿಸಿ, ಎರಡು ತುತ್ತು ಉಂಡು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಕುಳಿತ ಹಾಗೆಯೇ ಸಮಾಧಿ ಮಾಡಿದರು. ಜೊತೆಗೆ ಇಡುವ ವಿಭೂತಿ ಗಟ್ಟಿಗಳನ್ನು ಅಮ್ಮಾರೇ ಬುಟ್ಟಿಯಲ್ಲಿ ತುಂಬಿಕೊಟ್ಟರು. ಎಲ್ಲವೂ ಅವರಿಬ್ಬರು ಸೇರಿ ಸೋಸಿದವು.

ಸೋಮವಾರ ಬಂತು. ಅಜ್ಜಾರ ಮಣೆಯನ್ನು ಗೋಡೆಗೆ ನಿಲ್ಲಿಸಿ ಹಾರ ಹಾಕಬೇಕೆಂದು ಅವರ ಅಣ್ಣನ ಮಗ ಹೂವು ತಂದಿದ್ದ.

‘ಹಾರ ಹಾಕಿದ್ರ ಅದು ಮಣಿ ಅಲ್ಲಪ್ಪ, ಪಟ,’ ಎಂದು ಅಮ್ಮಾರು ಅದನ್ನು ಯಾವಾಗಲೂ ಇರುತ್ತಿದ್ದ ಜಾಗದಲ್ಲೇ ಹಾಕಿಸಿದರು. ತಾವು ತಮ್ಮ ಮಣೆಯ ಮೇಲೆ ಕುಳಿತರು.

ಜನ ಮುಖ ಮುಖ ನೋಡಿಕೊಂಡರು. ಓಣಿಯ ಕೊನೆಯ ಮನೆಯ ಹಿರಿಯರೊಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು.

‘ಸಿಟ್ಟಾಗಬ್ಯಾಡ್ರಿ ಅಮ್ಮಾರ. ಒಬ್ಬರ ಮಾತು ಅರ್ಧ ಮಾತು ಅಂತ ನಿಮ್ಮಿಬ್ಬರದೇ ಕಟ್ಟಳಿ. ಈಗ ಅಜ್ಜಾರಿಲ್ಲ. ನಿಮ್ಮ ಮಾತು ಅರ್ಧ ಆಗಲಿಲ್ಲೇನು?’

ಅಮ್ಮಾರ ದನಿ ನಡುಗಲಿಲ್ಲ.

‘ಹೌದಪ್ಪ, ಅರ್ಧ. ಉಳಿದರ್ಧ ನೀನ ತಂದೀಯಲ್ಲ. ಬಾ, ಕುಂದ್ರು.’

ಪಕ್ಕದ ಮಣೆಯನ್ನು ಕೈಯಿಂದ ತಟ್ಟಿದರು. ಆ ಹಿರಿಯರು ಕೂರಲು ಬಹಳ ಹಿಂಜರಿದರು. ಕೊನೆಗೆ ಅಂಚಿನಲ್ಲಿ, ಬಿಸಿ ಹಂಚಿನ ಮೇಲೆ ಕುಳಿತ ಹಾಗೆ ಕುಳಿತರು. ಅಂದಿನಿಂದ ಯಾರು ನೋವು ಹೇಳಲು ಬಂದರೂ ಆ ಮಣೆಯ ಮೇಲೆ ಕೂತೇ ಹೇಳಬೇಕಾಯಿತು. ಅಮ್ಮಾರ ಮಟ್ಟದಲ್ಲಿ, ಅಮ್ಮಾರ ಪಕ್ಕದಲ್ಲಿ.

ಆದರೆ ಹಿತ್ತಲಲ್ಲಿ ಅವರು ಸೋತದ್ದನ್ನು ನಾನು ಕಂಡಿದ್ದೇನೆ. ಒಂದು ದಿನ ಗೋಡೆಯ ಮೇಲಿಂದ ನೋಡಿದರೆ, ಧೋತರದ ಎರಡು ಮೂಲೆಗಳನ್ನು ಚಪ್ಪರದ ಕಂಬಕ್ಕೆ ಕಟ್ಟಿ, ಇನ್ನೆರಡನ್ನು ಹಿಡಿದು ತೂಗಲು ನೋಡುತ್ತಿದ್ದರು. ಬೂದಿನೀರೆಲ್ಲ ಕಂಬದ ಬುಡಕ್ಕೆ ಹರಿದ ಮೇಲೆ ಧೋತರ ಬಿಟ್ಟು ಹಾಗೇ ನಿಂತರು. ನಾನು ಹೋಗಿ ಗಂಟು ಬಿಚ್ಚಿದೆ.

‘ನಾ ಎತ್ತಿದ್ರ ಅದು ಎತ್ತಂಗಿಲ್ಲ, ನಾ ಇಳಿಸಿದ್ರ ಅದು ಇಳಿಸಂಗಿಲ್ಲ,’ ಎಂದರು. ‘ಕಂಬ ಮಾತಾಡಂಗಿಲ್ಲವ್ವಾ...’

ಆರು ವರ್ಷ ಆ ಕಡೆಯ ತುದಿ ನಾನು ಹಿಡಿದೆ. ಅಮ್ಮಾರು ಹೋದ ಮೇಲೆ ಬಾನಿ, ಜರಡಿ, ಧೋತರ, ಎರಡು ಮಣೆ ನಮ್ಮ ಮನೆಗೆ ಬಂದವು. ಅವರೇ ಹಾಗೆ ಹೇಳಿ ಹೋಗಿದ್ದರು. ನಾನೂ ನಮ್ಮ ಮನೆಯವರೂ ಮಣೆಯ ಮೇಲೆ ಕೂರಲಿಲ್ಲ. ನಾವು ಹೇಳುವವರಲ್ಲ, ಸೋಸುವವರು ಎಂದುಕೊಂಡೆವು. ಸೋಸಿದೆವು, ಇಪ್ಪತ್ತು ವರ್ಷ. ನಮ್ಮ ಮನೆಯವರಿಗೆ ಎಡ ಭುಜ ನೋಯುತ್ತಿತ್ತು, ಆ ಕಡೆ ಯಾವಾಗಲೂ ಒಂದು ಬೆರಳು ಕೆಳಗೆ. ನಾನು ನನ್ನ ಬಲಗೈಯನ್ನು ಅಷ್ಟೇ ಇಳಿಸುತ್ತಿದ್ದೆ. ಯೋಚಿಸದೆ ಇಳಿಯುತ್ತಿತ್ತು ಕೈ.

ಈ ಗಟ್ಟಿ ಸಿಕ್ಕ ಮರುದಿನ ನಾನೂ ಅಮ್ಮಾರ ಹಾಗೆ ಮಾಡಿ ನೋಡಿದೆ. ಚೀಲದ ಬಾಯಿ ಬಿಚ್ಚಿ, ಬೂದಿ ಕದಡಿ, ಧೋತರದ ಎರಡು ಮೂಲೆ ಕಂಬಕ್ಕೆ ಕಟ್ಟಿದೆ. ಒಂದು ಸಲ ಚೆಲ್ಲಿತು. ಎರಡನೆಯ ಸಲಕ್ಕೆ ಕೈ ಎತ್ತಲು ಮನಸ್ಸಾಗಲಿಲ್ಲ. ಹಾಗೇ ಬಿಟ್ಟು ಒಳಗೆ ಬಂದು ಕುಳಿತೆ. ಇಷ್ಟೇ ಎಂದುಕೊಂಡೆ.

ಮಧ್ಯಾಹ್ನ ಹೊಸಹಳ್ಳಿಯಿಂದ ಆಕೆ ಬಂದಳು, ಅಂದು ಅಜ್ಜಾರ ಮಣೆಯ ಮೇಲೆ ಕುಳಿತ ಹುಡುಗಿ. ಈಗ ತಲೆ ಬೆಳ್ಳಗಾಗಿದೆ, ಅಂಗನವಾಡಿಯ ಕೆಲಸದಿಂದ ನಿವೃತ್ತಿಯಾಗಿದೆ. ಪ್ರತಿ ವರ್ಷ ಶ್ರಾವಣಕ್ಕೆ ಮೊದಲು ವಿಭೂತಿಗೆ ಬರುತ್ತಾಳೆ.

‘ಈ ಸಲ ಇಲ್ಲವ್ವಾ,’ ಎಂದೆ.

ಆಕೆ ನೇರ ಹಿತ್ತಲಿಗೆ ಹೋದಳು. ಹಿಂದೆಯೇ ನಾನೂ ಹೋದೆ. ಕಂಬದ ಬುಡದಲ್ಲಿ ಬೂದಿ ಒಣಗಿ ಬಿಳಿ ಪಟ್ಟೆಯಾಗಿತ್ತು.

‘ಬೂದಿ ಐತಿ, ನೀರೈತಿ, ಬಾನಿ ಐತಿ. ಏನಿಲ್ಲಕ್ಕ?’

‘ಹಿಡಿಯೋರಿಲ್ಲ.’

‘ನನ್ನ ಕೈ ಕಾಣವಲ್ವೇನು?’ ಎಂದು ಆಕೆ ಬೈದಳು. ‘ಗಂಡನ್ನ ಬಿಟ್ಟು ಒಬ್ಬಾಕಿನ ಬಂದಾಗ ನನಗ ಕೊಟ್ಟ ಮಣಿ ಈಗ ಈ ಮನಿಯಾಗ ಐತಿ. ಎಂಟು ತಿಂಗಳು ಬೂದಿ ಕಟ್ಟಿಟ್ಟೀರಿ, ನನ್ನ ಕರಿಬೇಕಂತ ಅನ್ನಿಸಲಿಲ್ಲ ನಿಮಗ?’

ಕಂಬದ ಗಂಟು ಬಿಗಿಯಾಗಿತ್ತು. ಆಕೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನಾನು ಬೂದಿನೀರು ಸುರಿದೆ. ಇಬ್ಬರೂ ಎರಡೆರಡು ಮೂಲೆ ಹಿಡಿದೆವು. ನನ್ನ ಬಲಗೈ ತಾನಾಗಿ ಒಂದು ಬೆರಳು ಕೆಳಗಿಳಿಯಿತು. ಆಚೆ ಆ ನೋಯುವ ಭುಜ ಇರಲಿಲ್ಲ. ಬೂದಿನೀರು ನನ್ನ ಕಡೆಗೆ ಹರಿದು ಬರತೊಡಗಿತು. ಕಣ್ಣು ಮಂಜಾಗಿ ನಾನು ಅದನ್ನು ನೋಡುತ್ತಾ ನಿಂತೆ...

‘ಅಕ್ಕಾ, ಚೆಲ್ತೈತಿ! ಎತ್ತ್ರಿ!’

ನಾನು ಎತ್ತಿದೆ.